ಪ್ರತಿ ವರ್ಷದ ಫ್ಲೂ ಲಸಿಕೆ: ಅರ್ಧ ಮಾತು ಕೇಳಿ ಅಪ್ಪಾಜಿ ಸೂಜಿ ಬಿಟ್ಟರು

ಸಂಪಾದಕರಿಗೆ ನಮಸ್ಕಾರ.

ನಾನು ದಾವಣಗೆರೆಯವಳು. ಹನ್ನೆರಡು ವರ್ಷದಿಂದ ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿದ್ದೇನೆ. ಬೆಳಿಗ್ಗೆ ಕಾಫಿ ಜೊತೆ ನಿಮ್ಮ ಪತ್ರಿಕೆ ಓದುವುದು ಇಲ್ಲಿಗೆ ಬಂದ ಮೇಲೂ ಬಿಟ್ಟಿಲ್ಲ, ಆದರೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಕಾರಣ ನಮ್ಮ ಅಪ್ಪಾಜಿ.

ಅಪ್ಪಾಜಿಗೆ ಈಗ 71. ಶುಗರ್ ಇದೆ, ಚಳಿಗಾಲ ಬಂದರೆ ದಮ್ಮು ಜಾಸ್ತಿ. ನಾಲ್ಕು ವರ್ಷ ಸರಿಯಾಗಿ ಫ್ಲೂ ಲಸಿಕೆ ಹಾಕಿಸಿಕೊಂಡರು. ಈ ಸಲ ಫೋನ್ ಮಾಡಿದಾಗ "ಬೇಡಮ್ಮ, ಅದನ್ನ ವರ್ಷವರ್ಷ ತಗೊಂಡ್ರೆ ಶಕ್ತಿ ಕಡಿಮೆ ಆಗುತ್ತಂತೆ, ನಿಮ್ಮ ಊರಿನೋರೇ ಕಂಡುಹಿಡಿದಿದ್ದಾರಂತಲ್ಲ" ಅಂದರು. ವಾಟ್ಸ್ಆ್ಯಪ್‌ನಲ್ಲಿ ಬಂದ ಮೆಸೇಜ್ ಕಳಿಸಿಕೊಟ್ಟರು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧನೆ, ಮನೆಮನೆ ಸಮೀಕ್ಷೆ, ಪ್ರತಿ ವರ್ಷ ಚುಚ್ಚಿಸಿಕೊಂಡವರಿಗೆ ರಕ್ಷಣೆ ಇಲ್ಲ, ಎಲ್ಲರಿಗೂ ಕಳಿಸಿ ಅಂತ ಅದರಲ್ಲಿತ್ತು. ಅಪ್ಪಾಜಿ ಅದನ್ನು ಹಿಡಿದುಕೊಂಡು ಮನೆ ಹತ್ತಿರದ ಡಾಕ್ಟರ ಬಳಿ ಹೋಗಿ ಕೇಳಿದರಂತೆ. ಅವರು ಮೊಬೈಲ್ ನೋಡಲೂ ಇಲ್ಲ, "ಇದೆಲ್ಲ ಸುಳ್ಳು, ಸುಮ್ನೆ ಹಾಕಿಸಿಕೊಳ್ಳಿ" ಅಂದು ಕಳಿಸಿಬಿಟ್ಟರು. ಆಮೇಲೆ ನಮ್ಮ ಅಣ್ಣನ ಮಗಳು ಹುಡುಕಿ ನೋಡಿದರೆ ಆ ಸಂಶೋಧನೆ ನಿಜವಾಗಿಯೂ ಇದೆ. ಅಲ್ಲಿಗೆ ಅಪ್ಪಾಜಿಗೆ ಡಾಕ್ಟರ ಮೇಲಿದ್ದ ನಂಬಿಕೆಯೂ ಹೋಯಿತು, ಲಸಿಕೆಯ ಮೇಲಿದ್ದದ್ದೂ ಹೋಯಿತು.

ನನಗೆ ಬೇಜಾರಾಗಿದ್ದು ಇಲ್ಲೇ. ಮೆಸೇಜ್ ಪೂರ್ತಿ ಸುಳ್ಳಲ್ಲ. ಅರ್ಧ ನಿಜ. ಅರ್ಧ ನಿಜವನ್ನು "ಪೂರ್ತಿ ಸುಳ್ಳು" ಅಂತ ತಳ್ಳಿಹಾಕಿದರೆ, ಕೇಳಿದವರು ಉಳಿದರ್ಧವನ್ನು ಕೇಳಿಸಿಕೊಳ್ಳುವುದೇ ಇಲ್ಲ. ಆ ಉಳಿದರ್ಧವನ್ನು ನಿಮ್ಮ ಪತ್ರಿಕೆಯಲ್ಲಿ ಹೇಳಲು ಜಾಗ ಕೊಡಿ ಎಂದು ಕೇಳುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದು, ಗಂಟಲು ಮೂಗಿನ ಸ್ಯಾಂಪಲ್ ಪರೀಕ್ಷೆ ಮಾಡುವುದು ನನ್ನ ದಿನದ ಕೆಲಸ, ಹಾಗಾಗಿ ಈ ವರದಿಗಳನ್ನು ಓದುವ ಅಭ್ಯಾಸ ಸ್ವಲ್ಪ ಇದೆ.

ಆ ಸಂಶೋಧನೆ ನಡೆದದ್ದು ಆ್ಯನ್ ಆರ್ಬರ್‌ನಲ್ಲಿ. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಅದರ ಹೆಸರು ಹೈವ್. ಕನ್ನಡದಲ್ಲಿ ಜೇನುಗೂಡು ಅನ್ನಬಹುದು. ಮಿಷಿಗನ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ವಿಭಾಗದ ಆರ್ನಾಲ್ಡ್ ಮಾಂಟೊ, ಸುಜೇನ್ ಓಮಿಟ್ ಮುಂತಾದವರು 2010ರಲ್ಲಿ ಶುರು ಮಾಡಿದರು. ಆಸ್ಪತ್ರೆಗೆ ಬಂದ ರೋಗಿಗಳನ್ನು ಎಣಿಸುವುದರ ಬದಲು ಮನೆಗಳನ್ನೇ ಆರಿಸಿಕೊಂಡರು. ಮನೆಯಲ್ಲಿ ಕನಿಷ್ಠ ನಾಲ್ಕು ಜನ ಇರಬೇಕು, ಅದರಲ್ಲಿ ಕನಿಷ್ಠ ಇಬ್ಬರು ಮಕ್ಕಳು. ಯಾರಿಗೆ ಕೆಮ್ಮು, ಜ್ವರ, ನೆಗಡಿ ಬಂದರೂ ಅವರು ಹೇಳಬೇಕು, ಇವರು ಮೂಗು ಗಂಟಲಿನ ಸ್ಯಾಂಪಲ್ ತೆಗೆದು ಅದು ಫ್ಲೂ ಹೌದೋ ಅಲ್ಲವೋ ಎಂದು ನೋಡಬೇಕು. ಸಾಮಾನ್ಯ ನೆಗಡಿಯನ್ನೂ ನಾವು ಫ್ಲೂ ಅಂತೀವಲ್ವಾ, ಆ ಗೊಂದಲ ಇಲ್ಲಿ ಇಲ್ಲ.

ಮೊದಲ ವರ್ಷ, ಅಂದರೆ 2010ರ ಚಳಿಗಾಲದಿಂದ 2011ರ ವಸಂತದವರೆಗೆ, 328 ಮನೆಗಳ 1441 ಜನ ಇದರಲ್ಲಿದ್ದರು. ಸುಮಾರು ನೂರಕ್ಕೆ ಅರವತ್ತು ಮಂದಿ ಲಸಿಕೆ ಹಾಕಿಸಿಕೊಂಡವರು. 78 ಮನೆಗಳಿಗೆ ಫ್ಲೂ ನುಗ್ಗಿತು. 125 ಜನಕ್ಕೆ ಬಂತು. ಲೆಕ್ಕ ಹಾಕಿದಾಗ ಲಸಿಕೆಯ ರಕ್ಷಣೆ ಒಟ್ಟಾರೆ ಶೇ 31 ಅಷ್ಟೇ, ಅಂದರೆ ಹಾಕಿಸಿಕೊಳ್ಳದವರಿಗಿಂತ ಹಾಕಿಸಿಕೊಂಡವರಿಗೆ ಫ್ಲೂ ಬರುವ ಅಪಾಯ ಅಷ್ಟು ಕಡಿಮೆ. ಎಲ್ಲರೂ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ. ಯಾಕೆ ಹೀಗೆ ಎಂದು ಬಿಡಿಸಿ ನೋಡಿದರೆ, ಹಿಂದಿನ ವರ್ಷ ಲಸಿಕೆ ಪಡೆಯದೆ ಈ ವರ್ಷ ಮಾತ್ರ ಪಡೆದವರಿಗೆ ರಕ್ಷಣೆ ಶೇ 62 ಇತ್ತು. ಎರಡೂ ವರ್ಷ ಪಡೆದವರಿಗೆ ಅದಕ್ಕಿಂತ ತುಂಬಾ ಕಡಿಮೆ. ಇನ್ನೊಂದು ವಿಷಯವೂ ಹೊರಬಂತು. ಮನೆಯೊಳಗೆ ಒಬ್ಬರಿಗೆ ಫ್ಲೂ ಬಂದ ಮೇಲೆ ಉಳಿದವರಿಗೆ ಹರಡುವುದನ್ನು ಲಸಿಕೆ ತಡೆದದ್ದು ಕಾಣಲಿಲ್ಲ, ಅದರಲ್ಲೂ ದೊಡ್ಡವರು ಲಸಿಕೆ ಹಾಕಿಸಿಕೊಂಡಿದ್ದರೂ ಮನೆಯವರಿಂದ ಅಂಟಿಸಿಕೊಂಡರು.

ಅಪ್ಪಾಜಿಗೆ ಬಂದ ಮೆಸೇಜ್ ಇಲ್ಲಿಯವರೆಗೆ ನಿಜ. ಇಲ್ಲಿಗೆ ನಿಂತುಬಿಟ್ಟಿದೆ.

ನಿಜ ಹೇಳಬೇಕೆಂದರೆ ಇದು ನಮ್ಮ ಮನೆಯಲ್ಲೂ ನಡೆದಂತೆಯೇ ಇದೆ. 2025ರ ಜನವರಿ. ಆ ಚಳಿಗಾಲದಲ್ಲಿ ಅಮೆರಿಕದಲ್ಲಿ ಫ್ಲೂ ಬಹಳ ಜೋರಾಗಿತ್ತು. ಚಿಕ್ಕವನು ಶಾಲೆಯಿಂದ ಜ್ವರ ತಂದ. ಮೂರನೇ ದಿನಕ್ಕೆ ನಮ್ಮ ಯಜಮಾನರು ಮಲಗಿದರು, ಅವರು ಹತ್ತು ವರ್ಷದಿಂದ ಒಂದು ವರ್ಷವೂ ತಪ್ಪಿಸದೆ ಲಸಿಕೆ ಹಾಕಿಸಿಕೊಂಡವರು. ಆಮೇಲೆ ನಾನು. ಊರಿಂದ ಬಂದಿದ್ದ ಅತ್ತೆಗೆ ಜೀವನದಲ್ಲೇ ಮೊದಲ ಸಲ ನವೆಂಬರ್‌ನಲ್ಲಿ ಫ್ಲೂ ಲಸಿಕೆ ಹಾಕಿಸಿದ್ದೆವು. ಅವರಿಗೆ ಏನೂ ಆಗಲಿಲ್ಲ, ನಮಗೆಲ್ಲ ಮೆಣಸಿನ ಸಾರು ಮಾಡಿ ಬಡಿಸಿದ್ದು ಅವರೇ. ಒಂದು ಮನೆಯ ಕಥೆಯಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೆ ಗೊತ್ತು. ಆದರೆ ಯಜಮಾನರು "ಹತ್ತು ವರ್ಷ ಚುಚ್ಚಿಸಿಕೊಂಡು ಏನು ಬಂತು" ಎಂದು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಓದಲು ಶುರು ಮಾಡಿದೆ.

ಓದಿದಾಗ ಗೊತ್ತಾಗಿದ್ದು, ಈ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆ ಇದೆ. ಹೆಸರು ಹಾಸ್ಪಿಟಲ್ ಆದರೂ ಅದು ಹುಡುಗರು ಅಲ್ಲೇ ಉಳಿದು ಓದುವ ಶಾಲೆಯಾಗಿತ್ತು. 1972, 1974, 1976ರಲ್ಲಿ ಮೂರು ಸಲ ಅಲ್ಲಿ ಫ್ಲೂ ಹಬ್ಬಿತು. ಅಲ್ಲಿನ ಹುಡುಗರನ್ನು ಗಮನಿಸಿದ ಹಾಸ್ಕಿನ್ಸ್ ಮತ್ತು ಜೊತೆಗಾರರು 1979ರಲ್ಲಿ ಬರೆದದ್ದು ಇದು: ಮೊದಲ ಸಲದ ಲಸಿಕೆ ಕಾಪಾಡಿತು, ವರ್ಷವರ್ಷ ಮತ್ತೆ ಹಾಕಿದ್ದರಿಂದ ದೀರ್ಘಕಾಲದ ಲಾಭ ಕಾಣಲಿಲ್ಲ. ಎಲ್ಲರೂ ಗಾಬರಿಯಾದರು. ಆಮೇಲೆ ಅಮೆರಿಕದ ಹ್ಯೂಸ್ಟನ್‌ನಲ್ಲಿ 1983ರಿಂದ ಐದು ವರ್ಷ ದೊಡ್ಡವರ ಮೇಲೆ ಇದನ್ನೇ ಪರೀಕ್ಷಿಸಿದರು. ಅಲ್ಲಿ ವರ್ಷವರ್ಷ ಹಾಕಿಸಿಕೊಂಡವರ ರಕ್ಷಣೆ ಇಳಿಯಲಿಲ್ಲ. ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ.

ಮತ್ತೆ ನಮ್ಮ ನೆರೆ ರಾಜ್ಯ ವಿಸ್ಕಾನ್ಸಿನ್‌ನ ಮಾರ್ಷ್‌ಫೀಲ್ಡ್‌ನಲ್ಲಿ ಎಂಟು ಫ್ಲೂ ಕಾಲಗಳ ಲೆಕ್ಕ ಇಟ್ಟು 2014ರಲ್ಲಿ ಪ್ರಕಟಿಸಿದರು. ಎಚ್3ಎನ್2 ಎಂಬ ಬಗೆಯ ಫ್ಲೂ ವಿರುದ್ಧ, ಹಿಂದಿನ ಐದು ವರ್ಷದಲ್ಲಿ ಒಮ್ಮೆಯೂ ಲಸಿಕೆ ಪಡೆಯದೆ ಈಗ ಪಡೆದವರಿಗೆ ರಕ್ಷಣೆ ಶೇ 65. ಹೆಚ್ಚುಕಡಿಮೆ ಪ್ರತಿ ವರ್ಷ ಪಡೆದವರಿಗೆ ಶೇ 24. ಎಚ್3ಎನ್2 ಹೆಸರು ನಮ್ಮವರಿಗೆ ಹೊಸದೇನಲ್ಲ, 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರು ಇದರಿಂದ ತೀರಿಕೊಂಡಾಗ ನಿಮ್ಮ ಮುಖಪುಟದಲ್ಲೂ ಬಂದಿತ್ತು.

ಯಾಕೆ ಹೀಗಾಗುತ್ತದೆ? ಇದನ್ನು ಅಪ್ಪಾಜಿಗೆ ಅಜ್ಜಿಯ ಉದಾಹರಣೆ ಕೊಟ್ಟು ಹೇಳಿದೆ. ನಮ್ಮಜ್ಜಿ ಯಾವ ಮೊಮ್ಮಗ ಎದುರು ಬಂದರೂ ಮೊದಲ ಮೊಮ್ಮಗನ ಹೆಸರನ್ನೇ ಕೂಗುತ್ತಿದ್ದರು. ಮುಖ ಒಂದೇ ಥರ ಕಂಡರೆ ಸಾಕು, ಹಳೆ ಹೆಸರೇ ಬಾಯಿಗೆ ಬರುತ್ತಿತ್ತು. ನಮ್ಮ ಮೈಯೊಳಗಿನ ರಕ್ಷಣಾ ಪಡೆಯೂ ಹಾಗೆ. ಮೊದಲು ಕಂಡ ವೈರಸ್‌ನ ನೆನಪು ಅದಕ್ಕೆ ಗಟ್ಟಿ. ಸ್ವಲ್ಪ ಬದಲಾದ ವೈರಸ್ ಬಂದರೂ, ಸ್ವಲ್ಪ ಬದಲಾದ ಲಸಿಕೆ ಕೊಟ್ಟರೂ, ವೈರಸ್ ಹಿಡಿಯುವ ಹೊಸ ಪ್ರತಿಕಾಯ ತಯಾರಿಸುವ ಬದಲು ಹಳೆಯದನ್ನೇ ಇನ್ನಷ್ಟು ತಯಾರಿಸುತ್ತದೆ. ಇದನ್ನು ಮೊದಲು ವಿವರಿಸಿದ ಥಾಮಸ್ ಫ್ರಾನ್ಸಿಸ್ ಕೂಡ ಇದೇ ಆ್ಯನ್ ಆರ್ಬರ್‌ನವರು. ಪೋಲಿಯೊ ಲಸಿಕೆ ಕೆಲಸ ಮಾಡುತ್ತದೆ ಎಂದು 1955ರ ಏಪ್ರಿಲ್ 12ರಂದು ಜಗತ್ತಿಗೆ ಸಾರಿದವರು. 1960ರಲ್ಲಿ ಅವರು ಫ್ಲೂನ ಈ ಗುಣಕ್ಕೆ 'ಮೂಲ ಪಾಪ' ಎಂಬ ಅರ್ಥದ ಹೆಸರಿಟ್ಟರು. ನನಗೆ ಆ ಹೆಸರು ಇಷ್ಟವಿಲ್ಲ. ನೆನಪಿಟ್ಟುಕೊಳ್ಳುವುದು ಪಾಪ ಹೇಗಾದೀತು?

1999ರಲ್ಲಿ ಡೆರೆಕ್ ಸ್ಮಿತ್ ಮತ್ತು ಜೊತೆಗಾರರು ಇದಕ್ಕೆ ಒಂದು ಒಳ್ಳೆಯ ವಿವರಣೆ ಕೊಟ್ಟರು. ಮೂರು ವಿಷಯ ನೋಡಬೇಕು: ಹೋದ ವರ್ಷದ ಲಸಿಕೆ, ಈ ವರ್ಷದ ಲಸಿಕೆ, ಈ ವರ್ಷ ನಿಜವಾಗಿ ಊರಲ್ಲಿ ಓಡಾಡುತ್ತಿರುವ ವೈರಸ್. ಎರಡೂ ಲಸಿಕೆ ಒಂದೇ ಥರ ಇದ್ದು ವೈರಸ್ ಮಾತ್ರ ದೂರ ಹೋಗಿದ್ದರೆ, ಹಳೆ ಪ್ರತಿಕಾಯಗಳು ಹೊಸ ಲಸಿಕೆಯನ್ನು ಅದು ಕೆಲಸ ಮಾಡುವ ಮೊದಲೇ ಹಿಡಿದುಹಾಕುತ್ತವೆ, ಆ ವರ್ಷ ನಷ್ಟ. ವೈರಸ್ ಕೂಡ ಹತ್ತಿರವೇ ಇದ್ದರೆ ಹಳೆಯದು ಹೊಸದು ಎರಡೂ ಕೂಡಿ ಕಾಪಾಡುತ್ತವೆ. ಶಾಲೆಯಲ್ಲಿ ಒಂದು ಥರ, ಹ್ಯೂಸ್ಟನ್‌ನಲ್ಲಿ ಇನ್ನೊಂದು ಥರ ಆದದ್ದಕ್ಕೆ ಅವರು ಕೊಟ್ಟ ಕಾರಣ ಇದು. ಎಚ್3ಎನ್2 ಬೇಗ ಬೇಗ ವೇಷ ಬದಲಿಸುವುದರಿಂದ ಅದರಲ್ಲೇ ಈ ತೊಂದರೆ ಎದ್ದು ಕಾಣುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ, ಇದು ನನಗೆ ಬಹಳ ಮುಖ್ಯ ಅನ್ನಿಸಿತು. ಹೋದ ವರ್ಷ ಲಸಿಕೆ ಹಾಕಿಸಿಕೊಳ್ಳದವರಲ್ಲಿ ಕೆಲವರಿಗೆ ಹೋದ ವರ್ಷ ಫ್ಲೂ ಬಂದು ಹೋಗಿರುತ್ತದೆ. ಜ್ವರ ಬಂದು ಗುಣವಾದ ಮೈಗೆ ಸಿಗುವ ರಕ್ಷಣೆ ಲಸಿಕೆಗಿಂತ ಗಟ್ಟಿ ಇರಬಹುದು. ಅವರು ಈ ವರ್ಷ ಲಸಿಕೆಯನ್ನೂ ಹಾಕಿಸಿಕೊಂಡರೆ ಎರಡೂ ಸೇರಿ ಲೆಕ್ಕದಲ್ಲಿ ಅವರು ಬಹಳ ಸುರಕ್ಷಿತ ಎಂದು ಕಾಣುತ್ತದೆ. ವರ್ಷವರ್ಷ ಹಾಕಿಸಿಕೊಂಡವರು ಹೋದ ವರ್ಷ ಜ್ವರದಿಂದ ತಪ್ಪಿಸಿಕೊಂಡಿದ್ದರು, ಅದಕ್ಕೇ ಆ ಹೆಚ್ಚುವರಿ ರಕ್ಷಣೆ ಅವರಿಗಿಲ್ಲ. ಅಂದರೆ ಅವರ ಅಂಕಿ ಕಡಿಮೆ ಕಾಣಲು ಒಂದು ಕಾರಣ, ಹೋದ ವರ್ಷ ಲಸಿಕೆ ಕೆಲಸ ಮಾಡಿದ್ದೇ ಆಗಿರಬಹುದು. 71 ವರ್ಷದ, ದಮ್ಮು ಇರುವ ಮನುಷ್ಯನಿಗೆ "ಒಂದು ಸಲ ಫ್ಲೂ ಬರಲಿ ಬಿಡಿ, ಆಮೇಲೆ ಗಟ್ಟಿಯಾಗುತ್ತೀರಿ" ಎಂದು ಯಾವ ಬಾಯಿಂದ ಹೇಳಲಿ?

ಈಗ ಮೆಸೇಜ್ ಬಿಟ್ಟ ಅರ್ಧಕ್ಕೆ ಬರುತ್ತೇನೆ. ಶೇ 62 ಮತ್ತು ಅದಕ್ಕಿಂತ ತುಂಬಾ ಕಡಿಮೆ ಎಂಬ ಆ ಹೋಲಿಕೆ ಇರುವುದು ಈ ವರ್ಷ ಲಸಿಕೆ ಪಡೆದವರ ನಡುವೆ ಮಾತ್ರ. ಒಬ್ಬರು ಹೋದ ವರ್ಷ ಪಡೆಯದವರು, ಇನ್ನೊಬ್ಬರು ಎರಡೂ ವರ್ಷ ಪಡೆದವರು. ಅಪ್ಪಾಜಿ ನಾಲ್ಕು ವರ್ಷ ಪಡೆದಾಗಿದೆ. ಈ ವರ್ಷ ಅವರು ಆ ಮೊದಲ ಗುಂಪಿಗೆ ಸೇರಲು ಸಾಧ್ಯವೇ ಇಲ್ಲ. ಅವರ ಮುಂದೆ ಇರುವುದು ಎರಡೇ ದಾರಿ, ಈ ವರ್ಷ ಹಾಕಿಸಿಕೊಳ್ಳುವುದು ಅಥವಾ ಬಿಡುವುದು. ಈ ಎರಡನ್ನು ಹೋಲಿಸಬೇಕು. ಅದನ್ನು ಹೋಲಿಸಿದವರೂ ಇದ್ದಾರೆ. ಹಲವಾರು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ದೊಡ್ಡ ವಿಶ್ಲೇಷಣೆ 2023ರಲ್ಲಿ ಪ್ರಕಟವಾಯಿತು. ಈ ವರ್ಷ ಮಾತ್ರ ಪಡೆದವರಿಗಿಂತ ಎರಡೂ ವರ್ಷ ಪಡೆದವರ ರಕ್ಷಣೆ ಎಚ್3ಎನ್2 ವಿರುದ್ಧ ಸರಾಸರಿ 18 ಶೇಕಡಾ ಅಂಕ ಕಡಿಮೆ, ಫ್ಲೂನ ಇನ್ನೆರಡು ಬಗೆಗಳಾದ ಎಚ್1ಎನ್1 ವಿರುದ್ಧ 9, ಬಿ ವಿರುದ್ಧ 7. ಇಳಿಕೆ ನಿಜ. ಆದರೆ ಎರಡೂ ವರ್ಷ ಪಡೆದವರು, ಯಾವ ವರ್ಷವೂ ಪಡೆಯದವರಿಗಿಂತ ಮತ್ತು ಹೋದ ವರ್ಷ ಪಡೆದು ಈ ವರ್ಷ ಬಿಟ್ಟವರಿಗಿಂತ ಹೆಚ್ಚು ಸುರಕ್ಷಿತವಾಗಿದ್ದರು. ಅಪ್ಪಾಜಿ ಈಗ ಹೋಗಲು ಹೊರಟಿರುವುದು ಆ ಕೊನೆಯ ಗುಂಪಿಗೆ.

ಸಂಪಾದಕರೇ, ಈ ಒಂದು ವಾಕ್ಯ ಆ ಮೆಸೇಜಿನಲ್ಲಿದ್ದಿದ್ದರೆ ನಾನು ಈ ಪತ್ರವನ್ನೇ ಬರೆಯುತ್ತಿರಲಿಲ್ಲ.

ಹೈವ್‌ನ ಮೊದಲ ವರ್ಷದ ಅಂಕಿಯ ಬಗ್ಗೆಯೂ ಒಂದು ಮಾತು. ಫ್ಲೂ ಬಂದವರು 125 ಜನ ಮಾತ್ರ. ಅಷ್ಟು ಕಡಿಮೆ ಜನರನ್ನು ಮತ್ತೆ ಗುಂಪು ಗುಂಪಾಗಿ ಒಡೆದರೆ ಲೆಕ್ಕ ಅಲ್ಲಾಡುತ್ತದೆ. ಆ ಶೇ 62 ಎಂಬುದು ನಿಜಕ್ಕೂ 17ರಿಂದ 82ರ ನಡುವೆ ಎಲ್ಲಿ ಬೇಕಾದರೂ ಇರಬಹುದು ಎಂದು ಅವರೇ ಬರೆದಿದ್ದಾರೆ. ತಮ್ಮ ಅನುಮಾನವನ್ನು ಮುಚ್ಚಿಡದೆ ಹೇಳಿದ್ದಾರೆ. ಅವರ ಆ ಪ್ರಾಮಾಣಿಕತೆಯನ್ನು ಮೆಸೇಜ್ ಮಾಡಿದವರು ಕತ್ತರಿಸಿ ಎಸೆದಿದ್ದಾರೆ.

ಮನೆಯ ವಿಷಯ ಹೇಳದೆ ಮುಗಿಸಲಾರೆ, ಯಾಕೆಂದರೆ ನನಗೆ ಇದರಲ್ಲಿ ಕಣ್ಣು ತೆರೆಸಿದ್ದು ಅದೇ. ಮನೆಯೊಳಗೆ ಬಂದ ಫ್ಲೂ ದೊಡ್ಡವರನ್ನು ಬಿಡಲಿಲ್ಲ ಅಂದೆನಲ್ಲ. ಒಂದೇ ಹಾಸಿಗೆ, ಒಂದೇ ಟವೆಲ್, ಜ್ವರದ ಮಗುವನ್ನು ರಾತ್ರಿಯಿಡೀ ಎದೆಗೆ ಹಾಕಿಕೊಂಡು ಕೂರುವ ತಾಯಿ. ಅಷ್ಟು ಹತ್ತಿರ ಇದ್ದಾಗ ಅರ್ಧಂಬರ್ಧ ರಕ್ಷಣೆ ಸಾಲದೆ ಹೋಗಬಹುದು. ಹಾಗಾದರೆ ಅದು ಮನೆಯೊಳಗೆ ಬರದಂತೆ ನೋಡಬೇಕು. ತರುವವರು ಹೆಚ್ಚಾಗಿ ಮಕ್ಕಳು. ಕೆನಡಾದಲ್ಲಿ ಹಟರೈಟರು ಎಂಬ ಸಮುದಾಯ ಇದೆ, ಹೊರಗಿನವರೊಡನೆ ಹೆಚ್ಚು ಬೆರೆಯದೆ ಒಟ್ಟಾಗಿ ಬೇಸಾಯ ಮಾಡಿಕೊಂಡು ಬದುಕುವವರು. 2008-09ರಲ್ಲಿ ಅವರ ಕೆಲವು ಊರುಗಳಲ್ಲಿ 3ರಿಂದ 15 ವರ್ಷದ ಮಕ್ಕಳಿಗೆ ಮಾತ್ರ ಫ್ಲೂ ಲಸಿಕೆ ಹಾಕಿದರು, ಇನ್ನು ಕೆಲವು ಊರುಗಳಲ್ಲಿ ಬೇರೆ ಲಸಿಕೆ. ಮಕ್ಕಳಿಗೆ ಫ್ಲೂ ಲಸಿಕೆ ಹಾಕಿದ ಊರುಗಳಲ್ಲಿ, ಲಸಿಕೆಯೇ ಪಡೆಯದ ಉಳಿದವರಿಗೂ ಶೇ 61ರಷ್ಟು ರಕ್ಷಣೆ ಸಿಕ್ಕಿತು. ನಮ್ಮ ದೇಶದಲ್ಲೂ ಹರಿಯಾಣದ ಬಲ್ಲಭಗಢದ ಹತ್ತಿರದ ಮೂರು ಹಳ್ಳಿಗಳಲ್ಲಿ 2009ರಿಂದ ಮೂರು ವರ್ಷ ಮನೆಗಳನ್ನೇ ಎರಡು ಪಾಲು ಮಾಡಿ ಮಕ್ಕಳಿಗೆ ಲಸಿಕೆ ಕೊಟ್ಟು ನೋಡಿದ್ದಾರೆ. ಪ್ರತಿ ವರ್ಷ ಕೊಟ್ಟರೂ ಮಕ್ಕಳ ರಕ್ಷಣೆ ಮೂರನೇ ವರ್ಷಕ್ಕೆ ಇಳಿಯಲಿಲ್ಲ, ಮೊದಲ ವರ್ಷಕ್ಕಿಂತ ಚೆನ್ನಾಗಿಯೇ ಇತ್ತು.

ಅದಕ್ಕೇ ಈ ಸಲ ನಾನು ಅಪ್ಪಾಜಿ ಜೊತೆ ಜಗಳ ಆಡುವುದು ಬಿಟ್ಟು ಅತ್ತಿಗೆಗೆ ಫೋನ್ ಮಾಡಿದೆ. ಅಣ್ಣನ ಮಕ್ಕಳು ಅಪ್ಪಾಜಿ ತೊಡೆ ಮೇಲೆ ಕೂತೇ ಊಟ ಮಾಡುವವರು. ಚಿಕ್ಕವನಿಗೆ ಆರು ವರ್ಷ, ಇಲ್ಲಿವರೆಗೆ ಫ್ಲೂ ಲಸಿಕೆ ಹಾಕಿಸಿಯೇ ಇಲ್ಲ. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲ ಹಾಕಿಸುವಾಗ ನಾಲ್ಕು ವಾರ ಬಿಟ್ಟು ಇನ್ನೊಂದು ಡೋಸ್ ಬೇಕು, ಬಹಳ ಜನ ಒಂದೇ ಹಾಕಿಸಿ ಸುಮ್ಮನಾಗುತ್ತಾರೆ. ಇದು ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಇಲ್ಲ, ಕೈಯಿಂದಲೇ ದುಡ್ಡು ಹಾಕಬೇಕು. ನಾಲ್ಕೈದು ಜನರ ಮನೆಗೆ ಅದು ಸಣ್ಣ ಖರ್ಚಲ್ಲ ಎಂದು ನನಗೆ ಗೊತ್ತು. ಎಲ್ಲರಿಗೂ ಆಗದಿದ್ದರೆ ಹಿರಿಯರಿಗೆ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಮೊದಲು. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಕೊಡುವಂತೆಯೇ ಇಲ್ಲ, ತಾಯಿ ಬಸುರಿಯಾಗಿದ್ದಾಗ ಹಾಕಿಸಿಕೊಂಡದ್ದೇ ಅದಕ್ಕೆ ಕಾವಲು.

ಇನ್ನು ಹಾಕಿಸುವ ಕಾಲ. ಇಲ್ಲಿ ನಾವು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಾಕಿಸುತ್ತೇವೆ, ಇಲ್ಲಿಯ ಫ್ಲೂ ಚಳಿಗಾಲದ್ದು. ಕರ್ನಾಟಕದಲ್ಲಿ ಅದು ಮಳೆಗಾಲದಲ್ಲಿ ಏರುತ್ತದೆ. ಲಸಿಕೆಯ ಬಲ ತಿಂಗಳು ಕಳೆದಂತೆ ಇಳಿಯುತ್ತದೆ. ಇಲ್ಲಿನ ಮಕ್ಕಳನ್ನು ನೋಡಲು ಬಂದು ಅಕ್ಟೋಬರ್‌ನಲ್ಲಿ ಹಾಕಿಸಿಕೊಂಡು ಹೋದ ಅಪ್ಪ ಅಮ್ಮಂದಿರು "ಈ ವರ್ಷದ್ದು ಆಯಿತಲ್ಲ" ಎಂದು ಜುಲೈ ಮಳೆಗೆ ನಿರಾಳವಾಗಿರಬಾರದು. ಮುಂಗಾರಿಗೆ ಮೊದಲು ಅಲ್ಲಿಯ ಡಾಕ್ಟರನ್ನು ಕೇಳಬೇಕು.

ನಮ್ಮ ಡಾಕ್ಟರುಗಳಲ್ಲಿ ನನ್ನದೊಂದು ಕೋರಿಕೆ. ಹಿರಿಯರು ಮೊಬೈಲ್ ಹಿಡಿದು ಬಂದಾಗ ಎರಡು ನಿಮಿಷ ಓದಿ. "ಹೌದು, ಕೆಲವು ವರ್ಷ ರಕ್ಷಣೆ ಕಡಿಮೆಯಾಗುತ್ತದೆ, ಆದರೂ ಬಿಡುವುದಕ್ಕಿಂತ ಹಾಕಿಸಿಕೊಳ್ಳುವುದು ನಿಮಗೆ ಒಳ್ಳೆಯದು, ಹಾಕಿಸಿಕೊಂಡವರಿಗೆ ಫ್ಲೂ ಬಂದರೂ ಐಸಿಯುವರೆಗೆ ಹೋಗುವ ಅಪಾಯ ಕಡಿಮೆ" ಎಂದು ಹೇಳಿ. ನಮ್ಮ ಹಿರಿಯರು ಅಷ್ಟನ್ನು ತಿಳಿದುಕೊಳ್ಳದವರೇನಲ್ಲ. ನಲವತ್ತು ವರ್ಷ ಮೆಕ್ಕೆಜೋಳ ಬೆಳೆದ ನಮ್ಮ ಅಪ್ಪಾಜಿಗೆ, ಒಂದು ವರ್ಷ ಬೀಜ ಕೈಕೊಟ್ಟಿತು ಎಂದು ಬಿತ್ತನೆಯನ್ನೇ ಬಿಡುವುದಿಲ್ಲ ಎಂದು ನಾನು ಹೇಳಿಕೊಡಬೇಕಾಗಿಲ್ಲ. ಪತ್ರಿಕೆಯವರೂ ಅಷ್ಟೇ, "ಲಸಿಕೆ ವ್ಯರ್ಥ" ಅಥವಾ "ಲಸಿಕೆ ರಾಮಬಾಣ" ಎಂಬ ತಲೆಬರಹ ಎರಡೂ ಬೇಡ. ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಮೊನ್ನೆ ಭಾನುವಾರ ಅಜ್ಜಿಯ ಉದಾಹರಣೆ ಕೊಟ್ಟು ಇದನ್ನೆಲ್ಲ ಹೇಳಿದಾಗ ಅಪ್ಪಾಜಿ ಪೂರ್ತಿ ಕೇಳಿಸಿಕೊಂಡರು. ಕೊನೆಗೆ "ಇಷ್ಟು ಹೇಳಿದ್ರೆ ಆಗ್ತಿತ್ತಲ್ಲ ಆ ಡಾಕ್ಟ್ರು" ಅಂದರು. ಈ ಶನಿವಾರ ಅಣ್ಣ ಅವರನ್ನೂ ಮಕ್ಕಳಿಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗುತ್ತಿದ್ದಾನೆ.

ಇಂತಿ ನಿಮ್ಮ ಓದುಗಿ,
ಕ್ಯಾಂಟನ್, ಮಿಷಿಗನ್